ರೇಷ್ಮೆ ಪ್ಯೂಪಾ: ಆಹಾರವಾಗಿ, ಮೇವಾಗಿ

ರೇಷ್ಮೆಗೂಡಿನ ನೂಲು ಬಿಚ್ಚಿದ ಮೇಲೆ ಉಳಿಯುವ ಹುಳುವೇ ಪ್ಯೂಪಾ. ಹಸಿಗೂಡಿನ ತೂಕದಲ್ಲಿ ಹೆಚ್ಚುಕಡಿಮೆ ಐದರಲ್ಲಿ ನಾಲ್ಕು ಪಾಲು ಇದರದ್ದು. 1 ಕಿಲೋ ಕಚ್ಚಾ ರೇಷ್ಮೆ ತೆಗೆದಲ್ಲಿ ಸುಮಾರು 2 ಕಿಲೋ ಒಣ ಪ್ಯೂಪಾ ಸಿಗುತ್ತದೆ. ಆದರೂ ಕನ್ನಡ ನಾಡಿನ ರೇಷ್ಮೆಯ ಚರಿತ್ರೆಯಲ್ಲಿ ಇದಕ್ಕೆ ಸಿಕ್ಕಿರುವ ಜಾಗ ತೀರಾ ಕಡಿಮೆ.

ಮೈಸೂರು ಸೀಮೆಗೆ ರೇಷ್ಮೆ ಕೃಷಿ ಬಂದದ್ದು 18ನೇ ಶತಮಾನದ ಕೊನೆಯಲ್ಲಿ, ಟಿಪ್ಪು ಸುಲ್ತಾನನ ಕಾಲದಲ್ಲಿ. ಮುಂದೆ ನೂರು ವರ್ಷದ ಮೇಲೆ ಜೆಮ್‌ಶೆಟ್‌ಜಿ ಟಾಟಾ ಬೆಂಗಳೂರಿನ ಬಸವನಗುಡಿಯ ಅಂಚಿನಲ್ಲಿ ಜಪಾನಿ ತಜ್ಞರನ್ನು ಕರೆಸಿ ರೇಷ್ಮೆ ತೋಟ ಮಾಡಿಸಿದರು. ಗಾಂಧಿ ಬಜಾರಿನಿಂದ ನಡೆದೇ ಹೋಗಬಹುದಾದ ಆ ಜಾಗಕ್ಕೆ ಇಂದಿಗೂ ಟಾಟಾ ಸಿಲ್ಕ್ ಫಾರ್ಮ್ ಎಂದೇ ಹೆಸರು. ‘ಕೆಲವು ನೆನಪುಗಳು’ ಬರೆದ ನವರತ್ನ ರಾಮರಾಯರು ಮೈಸೂರು ಸಂಸ್ಥಾನದ ರೇಷ್ಮೆ ಇಲಾಖೆಯನ್ನು ಕಟ್ಟಿ ಬೆಳೆಸಿದರು. ರೋಗವಿಲ್ಲದ ಮೊಟ್ಟೆ, ಒಳ್ಳೆಯ ಗೂಡು, ಸಮನಾದ ನೂಲು: ಈ ಪ್ರಯತ್ನಗಳ ಗುರಿಯೆಲ್ಲ ಇಷ್ಟರಲ್ಲೇ ಇತ್ತು.

ರಾಮನಗರದಲ್ಲೋ ಶಿಡ್ಲಘಟ್ಟದಲ್ಲೋ ನೂಲು ಬಿಚ್ಚುವ ಮನೆಗೆ ಹೋದರೆ ಪ್ಯೂಪಾ ಕಣ್ಣಿಗೆ ಬೀಳುವ ಮುಂಚೆಯೇ ಮೂಗಿಗೆ ತಿಳಿಯುತ್ತದೆ. ಬಿಸಿನೀರಿನಲ್ಲಿ ಬೆಂದ ಗೂಡು ಎಳೆ ಬಿಡುತ್ತಾ ಬಿಡುತ್ತಾ ತೆಳುವಾಗಿ, ಒಳಗಿನ ಕಂದು ಹುಳು ಪೊರೆಯಾಚೆಗೆ ಕಾಣತೊಡಗುತ್ತದೆ. ಎಳೆ ಮುಗಿದೊಡನೆ ಅದು ತಳಕ್ಕಿಳಿಯುತ್ತದೆ. ಅದನ್ನು ಬಾಚಿ ತೆಗೆದು ಬಿಸಿಲಿಗೆ ಹರವುತ್ತಾರೆ.

ಒಣಗಿದ ಪ್ಯೂಪಾದಲ್ಲಿ ಪ್ರೋಟೀನ್ ಶೇ. 50ರ ಮೇಲಿರುತ್ತದೆ, ಕೊಬ್ಬು ಶೇ. 25ರಿಂದ 30. ಎಣ್ಣೆ ತೆಗೆದ ಹಿಂಡಿಯಲ್ಲಿ ಪ್ರೋಟೀನ್ ಶೇ. 70ರ ಸುತ್ತ ಏರುತ್ತದೆ. ಹುಳುವಿನ ಹೊರಪದರದ ಕೈಟಿನ್‌ನಲ್ಲೂ ಸಾರಜನಕ ಇರುವುದರಿಂದ ಲೆಕ್ಕದ ಪ್ರೋಟೀನೆಲ್ಲ ಜೀರ್ಣವಾಗುವಂಥದ್ದಲ್ಲ. ಅದನ್ನು ಕಳೆದರೂ ಇದು ಉತ್ತಮ ದರ್ಜೆಯ ಪ್ರೋಟೀನೇ. ಮುಸುಕಿನ ಜೋಳದಲ್ಲಿ ಕೊರತೆಯಾಗುವ ಲೈಸೀನ್ ಇದರಲ್ಲಿ ಧಾರಾಳವಾಗಿದೆ. ಎಣ್ಣೆಯಲ್ಲಿ ಒಮೆಗಾ-3 ಜಾತಿಯ ಆಲ್ಫಾ ಲಿನೋಲೆನಿಕ್ ಆಮ್ಲ ಹೆಚ್ಚು.

ಆದ್ದರಿಂದಲೇ ಕೋಳಿ, ಮೀನುಗಳ ಮೇವಿನಲ್ಲಿ ದುಬಾರಿ ಮೀನುಪುಡಿಯ ಒಂದಷ್ಟು ಪಾಲಿಗೆ ಬದಲಾಗಿ ಇದನ್ನು ಬೆರೆಸುವುದು ರೂಢಿಗೆ ಬಂತು. ಎಣ್ಣೆ ಸಾಬೂನು ತಯಾರಿಕೆಗೂ ಹೋಗುತ್ತದೆ. ತೊಡಕಿರುವುದು ಆ ಎಣ್ಣೆಯಲ್ಲೇ: ಗಾಳಿಗೆ ಬೇಗ ಕಮಟುತ್ತದೆ, ಎಣ್ಣೆ ತೆಗೆಯದ ಪ್ಯೂಪಾ ಹೆಚ್ಚು ತಿನ್ನಿಸಿದರೆ ಮಾಂಸಕ್ಕೂ ವಾಸನೆ ಹತ್ತುತ್ತದೆ. ಸರಿಯಾಗಿ ಒಣಗದ ರಾಶಿ ಕೊಳೆತು ಗೊಬ್ಬರವಾಗುತ್ತದೆ.

ಮನುಷ್ಯರ ಆಹಾರವಾಗಿ ಇದು ಕರ್ನಾಟಕದಲ್ಲಿ ಬಳಕೆಗೆ ಬರಲಿಲ್ಲ. ಅಸ್ಸಾಮಿನ ಬೋಡೋ ಜನರಿಗೆ ಎರಿ ರೇಷ್ಮೆಯ ಪ್ಯೂಪಾ ಮೆಚ್ಚಿನ ತಿನಿಸು. ಕೊರಿಯಾದಲ್ಲಿ ಬೇಯಿಸಿದ ಪ್ಯೂಪಾ ಬೀದಿ ತಿಂಡಿ, ಡಬ್ಬಿಯಲ್ಲೂ ಸಿಗುತ್ತದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲಿ ಕೀಟಾಹಾರದ ಕುರಿತು ವಿಸ್ತಾರವಾದ ವರದಿ ತಂದ ಮೇಲೆ ಇಂಥ ಆಹಾರಗಳತ್ತ ಜಗತ್ತಿನ ಗಮನ ಹೆಚ್ಚಿತು. ಸೀಗಡಿ ಆಗದವರಿಗೆ ಪ್ಯೂಪಾದಿಂದಲೂ ಅಲರ್ಜಿ ಆಗಬಹುದು, ಅಂಥವರು ತಿನ್ನಬಾರದು.

ನಮ್ಮಲ್ಲಿ ಮೊದಲು ಆಗಬೇಕಾದದ್ದು ಮೇವಿನ ಕೆಲಸ. ನೂಲು ಬಿಚ್ಚಿದ ದಿನವೇ ಪ್ಯೂಪಾ ಒಣಗಿಸಿ, ಎಣ್ಣೆ ತೆಗೆಯುವ ಅನುಕೂಲ ಪ್ರತಿ ರೇಷ್ಮೆ ಊರಿನಲ್ಲೂ ಸಣ್ಣ ರೀಲರ್‌ಗಳ ಕೈಗೆಟುಕಬೇಕು.