ನಂದಗುಡಿ ಸೀಮೆಯ ಬಾವಿಗಿಳಿದ ಎಂಜಿನ್

ಹೊಸಕೋಟೆಯಿಂದ ಚಿಂತಾಮಣಿಗೆ ಹೋಗುವ ದಾರಿಯಲ್ಲಿ ಸಿಗುವ ನಂದಗುಡಿಗೆ ಐತಿಹ್ಯದ ಬಲ ದೊಡ್ಡದು. ಈ ಊರನ್ನು ನವನಂದರೊಂದಿಗೆ ಗಂಟುಹಾಕುವ ಕಥೆಯನ್ನು ಬಿ.ಎಲ್. ರೈಸ್ ಮೈಸೂರು ಗೆಜೆಟಿಯರಿನಲ್ಲಿ ದಾಖಲಿಸಿದ್ದಾರೆ. ನಂದರು ಇಲ್ಲಿಗೆ ಬಂದಿದ್ದರೋ ಇಲ್ಲವೋ, ನೀರಂತೂ ಸಲೀಸಾಗಿ ಬಂದದ್ದಿಲ್ಲ. ನಂದಿಬೆಟ್ಟದ ಬುಡದಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿ ವರ್ಷವಿಡೀ ಹರಿಯುವ ಹೊಳೆಯಲ್ಲ. ಮಳೆ ಬಂದರೆ ಕೆರೆ, ಕೆರೆ ತುಂಬಿದರೆ ಬಾವಿ, ಬಾವಿಯಲ್ಲಿ ನೀರಿದ್ದರೆ ಬೆಳೆ. ಈ ಲೆಕ್ಕದಲ್ಲೇ ಇಲ್ಲಿನ ಬೇಸಾಯ ನಡೆದದ್ದು.

ಬಾವಿಯ ನೀರನ್ನು ಮೇಲೆತ್ತುತ್ತಿದ್ದದ್ದು ಕಪಿಲೆ. ಇಳಿಜಾರಿನಲ್ಲಿ ಎತ್ತುಗಳು ಕೆಳಗೆ ನಡೆದರೆ ತೊಗಲಿನ ಚೀಲ ಮೇಲೆ ಬರಬೇಕು, ಎತ್ತುಗಳು ಹಿಂದಕ್ಕೆ ಹೆಜ್ಜೆಯಿಟ್ಟರೆ ಚೀಲ ನೀರಿಗಿಳಿಯಬೇಕು. ಬೆಳಕು ಹರಿಯುವ ಮುಂಚೆಯೇ ಶುರುವಾಗುತ್ತಿದ್ದ ಈ ಕೆಲಸ ಎತ್ತನ್ನೂ ಆಳನ್ನೂ ಒಟ್ಟಿಗೆ ಹಣ್ಣುಮಾಡುತ್ತಿತ್ತು. ಬಾವಿ ಆಳವಿಲ್ಲದ ಕಡೆ ಏತ ಇತ್ತು. ಅದರ ತೊಲೆಯ ಮೇಲೆ ಮನುಷ್ಯನೇ ಹಿಂದಕ್ಕೂ ಮುಂದಕ್ಕೂ ನಡೆಯಬೇಕಿತ್ತು.

ಈ ಕಪಿಲೆ, ಏತಗಳು ಎಷ್ಟು ನೀರೆತ್ತುತ್ತವೆ ಎಂದು ಅಳತೆ ಹಿಡಿದು ನೋಡಿದ ಒಬ್ಬ ಇಂಗ್ಲಿಷ್ ಎಂಜಿನಿಯರ್ ಇದ್ದ. ಹೆಸರು ಆಲ್ಫ್ರೆಡ್ ಚಾಟರ್ಟನ್. 20ನೇ ಶತಮಾನದ ಮೊದಲ ದಶಕದಲ್ಲಿ ಮದ್ರಾಸ್ ಪ್ರಾಂತ್ಯದ ಬಾವಿಗಳಿಗೆ ಆಯಿಲ್ ಎಂಜಿನ್ ಪಂಪು ಕೂಡಿಸಿ, ಅದು ರೈತನಿಗೆ ಗಿಟ್ಟುತ್ತದೆಂದು ತೋರಿಸಿದ. ಆಮೇಲೆ ಮೈಸೂರು ಸಂಸ್ಥಾನಕ್ಕೆ ಬಂದು, ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ ಕೈಗಾರಿಕೆ ಮತ್ತು ವಾಣಿಜ್ಯ ಇಲಾಖೆಯ ನಿರ್ದೇಶಕನಾಗಿದ್ದ. ಅವನನ್ನು ನೆನೆಯುವವರು ಗಂಧದೆಣ್ಣೆ ಕಾರ್ಖಾನೆಯ ಸಂದರ್ಭದಲ್ಲಿ ನೆನೆಯುತ್ತಾರೆ, ಬಾವಿಯ ಮಾತನ್ನು ಮರೆಯುತ್ತಾರೆ. ಹಳ್ಳಿಗಳ ಮಟ್ಟಿಗೆ ಬಾವಿಯ ಕೆಲಸವೇ ಹೆಚ್ಚು ತೂಕದ್ದು.

ಆದರೂ ಎಂಜಿನ್ ಸಾಮಾನ್ಯ ರೈತನ ಕೈಗೆಟುಕಿದ್ದು ಸ್ವಾತಂತ್ರ್ಯದ ನಂತರವೇ. ಇಂಗ್ಲೆಂಡಿನ ಡರ್ಸ್ಲಿ ಊರಿನ ಲಿಸ್ಟರ್ ಕಂಪನಿಯ ನಿಧಾನಗತಿಯ ಡೀಸೆಲ್ ಎಂಜಿನ್ ಎಷ್ಟು ಹೆಸರಾಯಿತೆಂದರೆ, ರಾಜಕೋಟದಲ್ಲಿ ಅದರ ನಕಲು ತಯಾರಿಸುವುದೇ ಒಂದು ಉದ್ಯಮವಾಯಿತು. ಪುಣೆಯಲ್ಲಿ 1946ರಲ್ಲಿ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಶುರುವಾಯಿತು. ಆ ಮನೆತನದ ಉದ್ಯಮಕ್ಕೆ ಅಡಿಪಾಯ ಹಾಕಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ, ಮೊದಲ ಸೈಕಲ್ ಅಂಗಡಿ ಇಟ್ಟದ್ದು ಬೆಳಗಾವಿಯಲ್ಲಿ. 1941ರಲ್ಲಿ ಹರಿಹರದಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಲೇತ್ ತಯಾರಿಸುತ್ತಿತ್ತು. ಎಂಜಿನ್ ಪುಣೆಯದು, ಅದನ್ನು ರಿಪೇರಿ ಮಾಡುವ ಲೇತ್ ನಮ್ಮ ಹರಿಹರದ್ದು!

ಎಂಜಿನ್ ಸ್ಟಾರ್ಟ್ ಮಾಡುವುದೇ ಒಂದು ವಿದ್ಯೆಯಾಗಿತ್ತು. ತಲೆಯ ಮೇಲಿನ ಡಿಕಂಪ್ರೆಷನ್ ಲಿವರನ್ನು ಎತ್ತಿ ಹಿಡಿದರೆ ವಾಲ್ವ್ ತೆರೆದೇ ಇರುತ್ತದೆ, ಒಳಗೆ ಒತ್ತಡ ಕಟ್ಟುವುದಿಲ್ಲ. ಒಂದು ಕೈಯಲ್ಲಿ ಲಿವರ್, ಇನ್ನೊಂದರಲ್ಲಿ ಹ್ಯಾಂಡಲ್. ಜೋರಾಗಿ ತಿರುಗಿಸಿ, ಫ್ಲೈವೀಲಿಗೆ ವೇಗ ಬಂದ ಕ್ಷಣದಲ್ಲಿ ಲಿವರ್ ಬಿಡಬೇಕು. ಧಡ್ ಎಂದು ಮೊದಲ ಏಟು, ಕಪ್ಪು ಹೊಗೆ, ಆಮೇಲೆ ಒಂದೇ ಲಯದ ಸದ್ದು. ಹ್ಯಾಂಡಲ್ ಹಿಡಿದ ಕೈಯನ್ನು ಹೊತ್ತಿಗೆ ಸರಿಯಾಗಿ ತೆಗೆಯದಿದ್ದರೆ ಮಣಿಕಟ್ಟು ಹೋದಂತೆಯೇ.

ಆ ಲಯವನ್ನು ಕಾಯುವ ಭಾಗ ಟ್ಯಾಪೆಟ್. ಎಂಜಿನ್ನಿನೊಳಗೆ ತಿರುಗುವ ಕ್ಯಾಮಿನ ಉಬ್ಬು ಅದನ್ನು ಎತ್ತುತ್ತದೆ, ಅದು ಪುಶ್ ರಾಡನ್ನು ತಳ್ಳುತ್ತದೆ, ರಾಕರ್ ಬಾಗಿ ವಾಲ್ವ್ ತೆರೆಯುತ್ತದೆ. ಎಂಜಿನಿಯರಿಂಗ್ ಕಾಲೇಜುಗಳ ಲ್ಯಾಬಿನಲ್ಲಿ ಇವತ್ತಿಗೂ ಕಾಣುವ ಕಿರ್ಲೋಸ್ಕರ್ ಎವಿ-1 ಎಂಜಿನ್ನನ್ನೇ ತೆಗೆದುಕೊಳ್ಳಿ: 5 ಅಶ್ವಶಕ್ತಿ, ನಿಮಿಷಕ್ಕೆ 1500 ಸುತ್ತು. ಕ್ಯಾಮ್ ಅದರ ಅರ್ಧ ವೇಗದಲ್ಲಿ ತಿರುಗುವುದರಿಂದ ಪ್ರತಿ ವಾಲ್ವ್ ನಿಮಿಷಕ್ಕೆ 750 ಸಲ, ಗಂಟೆಗೆ 45,000 ಸಲ ತೆರೆದು ಮುಚ್ಚುತ್ತದೆ. ಎಂಟು ಗಂಟೆ ನೀರು ಹಾಯಿಸಿದರೆ 3,60,000 ಸಲ. ಹೆಬ್ಬೆರಳಿನ ಗಾತ್ರದ ಒಂದು ಉಕ್ಕಿನ ತುಂಡು ಇಷ್ಟನ್ನೂ ತಾಳಿಕೊಳ್ಳಬೇಕು.

ಟ್ಯಾಪೆಟ್ಟಿನ ತಳ ನೋಡಲು ಚಪ್ಪಟೆ. ನಿಜದಲ್ಲಿ ಒಳ್ಳೆಯ ಟ್ಯಾಪೆಟ್ಟಿನ ತಳ ಕಣ್ಣಿಗೆ ಕಾಣದಷ್ಟು ಉಬ್ಬಿರುತ್ತದೆ, ಕ್ಯಾಮಿನ ಮುಖ ಕೂದಲೆಳೆಯಷ್ಟು ಓರೆಯಾಗಿರುತ್ತದೆ. ಹಾಗಾಗಿ ಟ್ಯಾಪೆಟ್ ಪ್ರತಿ ಏಟಿಗೂ ತನ್ನ ಗೂಡಿನಲ್ಲಿ ಒಂದಿಷ್ಟು ತಿರುಗುತ್ತದೆ. ಸವೆತ ಒಂದೇ ಕಡೆ ಬೀಳುವುದಿಲ್ಲ. ತಿರುಗುವುದು ನಿಂತಿತೋ, ತಳ ತಗ್ಗಾಗುತ್ತದೆ, ಕ್ಯಾಮಿನ ಉಬ್ಬು ಕರಗುತ್ತದೆ, ಆಯಿಲ್‌ನಲ್ಲಿ ಲೋಹದ ಪುಡಿ ಮಿನುಗುತ್ತದೆ. ಹಳೆಯ ಟ್ಯಾಪೆಟ್ಟನ್ನು ಹೊಸ ಕ್ಯಾಮಿನ ಮೇಲೆ ಕೂರಿಸಿ ದುಡ್ಡು ಉಳಿಸಲು ಹೋದವರು ಕ್ಯಾಮನ್ನೂ ಕಳೆದುಕೊಂಡಿದ್ದಾರೆ.

ಇನ್ನು ಸಂದು. ವಾಲ್ವಿಗೂ ರಾಕರಿಗೂ ನಡುವೆ ಮಿಲಿಮೀಟರಿನ ಐದನೇ ಒಂದು ಭಾಗದ ಆಸುಪಾಸು ಜಾಗ ಬಿಡಬೇಕು. ಕಡಿಮೆಯಾದರೆ ವಾಲ್ವ್ ಪೂರ್ತಿ ಮುಚ್ಚದೆ ಸುಡುತ್ತದೆ. ಹೆಚ್ಚಾದರೆ ಟಕಟಕ ಸದ್ದು. ದಾಡಿ ಬ್ಲೇಡಿನ ದಪ್ಪ 0.1 ಮಿಲಿಮೀಟರ್, ಸಂದು ಅಳೆಯುವ ಫೀಲರ್ ಗೇಜ್ ಇಲ್ಲದ ಕಡೆ ಎರಡು ಬ್ಲೇಡ್ ಜೋಡಿಸಿ ತೂರಿಸಿದರೂ ಕೆಲಸ ನಡೆಯುತ್ತದೆ. ಇದೇ ಗಟ್ಟಿ ಟ್ಯಾಪೆಟ್ಟಿನ ದೊಡ್ಡ ಗುಣ: ಕೆಡುವ ಮುಂಚೆ ಸದ್ದು ಮಾಡಿ ಹೇಳುತ್ತದೆ, ಒಂದು ಸ್ಪ್ಯಾನರಿನಲ್ಲಿ ಸರಿಹೋಗುತ್ತದೆ.

ಸದ್ದೇ ಬೇಡ ಎಂದವರಿಗೆ ಹೈಡ್ರಾಲಿಕ್ ಟ್ಯಾಪೆಟ್ ಬಂತು. ಆಯಿಲ್ ಒತ್ತಡದಿಂದ ಸಂದನ್ನು ತಾನೇ ತುಂಬಿಕೊಳ್ಳುವ ಈ ಏರ್ಪಾಡನ್ನು ಅಮೆರಿಕದ ಕ್ಯಾಡಿಲಾಕ್ ಕಂಪನಿ 1930ರ ತನ್ನ 16 ಸಿಲಿಂಡರ್ ಕಾರಿನಲ್ಲಿ ಅಳವಡಿಸಿತು. ಕಾರಿಗೆ ಅದು ವರದಾನ. ಆದರೆ ವೇಗದ ದೋಣಿ ಎಂಜಿನ್ ಕಟ್ಟುವವರು ಇಂದಿಗೂ ಅದನ್ನು ಅನುಮಾನದಿಂದಲೇ ನೋಡುತ್ತಾರೆ. ವೇಗ ಮಿತಿ ಮೀರಿ ಸ್ಪ್ರಿಂಗ್ ಸೋತರೆ ಹೈಡ್ರಾಲಿಕ್ ಟ್ಯಾಪೆಟ್ ಆಯಿಲ್ ಕುಡಿದು ಉಬ್ಬುತ್ತದೆ, ವಾಲ್ವ್ ಮುಚ್ಚುವುದೇ ಇಲ್ಲ. ಅದಕ್ಕೇ ರೇಸಿನ ದೋಣಿಗಳಲ್ಲಿ ಉರುಳೆ ಇರುವ ಗಟ್ಟಿ ರೋಲರ್ ಟ್ಯಾಪೆಟ್ಟಿಗೆ ಬೆಲೆ.

ದೋಣಿಯ ಎಂಜಿನ್ನಿಗೂ ಬಾವಿಯ ಎಂಜಿನ್ನಿಗೂ ಒಂದು ನಂಟಿದೆ. ಎರಡಕ್ಕೂ ವಿಶ್ರಾಂತಿ ಇಲ್ಲ. ದೋಣಿಯದು ತುಂಬಿದ ಲಾರಿ ಶಿರಾಡಿ ಘಾಟಿಯನ್ನು ಕೊನೆಯೇ ಇಲ್ಲದೆ ಹತ್ತುವಂಥ ಕೆಲಸ, ಪಂಪಿನದೂ ಅದೇ. 1952ರಲ್ಲಿ ಸಹಿಯಾದ ಇಂಡೋ-ನಾರ್ವೇಜಿಯನ್ ಯೋಜನೆ ಕೇರಳದ ನೀಂಡಕರದಲ್ಲಿ ಯಾಂತ್ರಿಕ ಮೀನುಗಾರಿಕೆ ಶುರುಮಾಡಿ ಮುಂದೆ ಕಾರವಾರದವರೆಗೂ ಬಂತು. ಕರಾವಳಿಯ ಟ್ರಾಲ್ ದೋಣಿಗಳಲ್ಲಿ ಬಹುಕಾಲ ದುಡಿದದ್ದು ಅಶೋಕ್ ಲೇಲ್ಯಾಂಡ್‌ನಂಥ ಲಾರಿ ಕಂಪನಿಯ ಎಂಜಿನ್‌ಗಳೇ. ಕಾರಣ ಬಹಳ ಸರಳ: ಬಿಡಿಭಾಗ ಸಿಗುತ್ತದೆ, ಬಿಚ್ಚಬಲ್ಲವರು ಸಿಗುತ್ತಾರೆ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಪೇಟೆ ಇರುವತನಕ ಇಂಥ ಎಂಜಿನ್ನಿಗೆ ಸಾವಿಲ್ಲ ಎಂದು ನಂಬಿದವರು ಕಡಲಲ್ಲೂ ಬಯಲುಸೀಮೆಯಲ್ಲೂ ಇದ್ದರು.

ಬಯಲುಸೀಮೆಯಲ್ಲಿ ಆ ನಂಬಿಕೆ ಸುಳ್ಳಾಯಿತು, ಆದರೆ ಅದಕ್ಕೆ ಟ್ಯಾಪೆಟ್ ಕಾರಣವಲ್ಲ. ಪಂಪು ನೀರನ್ನು ಹೀರುವುದಕ್ಕೆ ಗಾಳಿಯ ಒತ್ತಡವೇ ಆಧಾರ. ಸಮುದ್ರಮಟ್ಟದಲ್ಲಿ ಅದರ ಕಟ್ಟಕಡೆಯ ಮಿತಿ 10.3 ಮೀಟರ್, ಸುಮಾರು 900 ಮೀಟರ್ ಎತ್ತರದ ಈ ಬಯಲಿನಲ್ಲಿ ಇನ್ನೂ ಒಂದು ಮೀಟರ್ ಕಡಿಮೆ. ವ್ಯವಹಾರದಲ್ಲಿ ಇಪ್ಪತ್ತು ಅಡಿ ದಾಟಿದರೆ ಪಂಪು ತಿಣುಕುತ್ತದೆ. ಹಾಗಾಗಿ ನೀರು ಕೆಳಗಿಳಿದಂತೆ ಎಂಜಿನ್ನನ್ನೂ ಬಾವಿಯೊಳಗೆ ಇಳಿಸಬೇಕಾಯಿತು. ಬಾವಿಯ ಗೋಡೆಯಲ್ಲಿ ಕಟ್ಟೆ ಕೊರೆದು ಅದರ ಮೇಲೆ ಎಂಜಿನ್ ಕೂರಿಸುವುದು, ಹೊಗೆಗೆ ಉದ್ದದ ಪೈಪು ಕೊಡುವುದು, ಜೋರು ಮಳೆಯಾದರೆ ರಾತ್ರೋರಾತ್ರಿ ಹಗ್ಗ ಹಾಕಿ ಮೇಲೆಳೆಯುವುದು. ಒಳಗೆ ತುಂಬಿದ ಹೊಗೆಯಲ್ಲಿ ಟ್ಯಾಪೆಟ್ ಸೆಟ್ಟಿಂಗ್ ಮಾಡುವ ಪಾಡು ಯಾರಿಗೂ ಬೇಡ.

1957ರಲ್ಲಿ ರಾಜ್ಯ ವಿದ್ಯುತ್ ಮಂಡಳಿ ಸ್ಥಾಪನೆಯಾದ ಮೇಲೆ ಹಳ್ಳಿಗಳಿಗೆ ಕರೆಂಟಿನ ಕಂಬ ಬಂತು, ಎಲೆಕ್ಟ್ರಿಕ್ ಮೋಟಾರ್ ಬಂತು. ಬಳಿಕ ಕೊಳವೆಬಾವಿ. ನೀರಿನೊಳಗೇ ಮುಳುಗಿ ಕೆಳಗಿನಿಂದ ತಳ್ಳುವ ಸಬ್‌ಮರ್ಸಿಬಲ್ ಪಂಪಿಗೆ ಇಪ್ಪತ್ತು ಅಡಿಯ ಹಂಗಿಲ್ಲ. ಅದೇ ಮುಳುವಾಯಿತು. ಹೊಸಕೋಟೆ, ಕೋಲಾರ ಸೀಮೆಯಲ್ಲಿ ಸಾವಿರ ಅಡಿ ಕೊರೆಸುವುದು ಈಗ ಯಾರಿಗೂ ಸೋಜಿಗವಲ್ಲ. ತೆರೆದ ಬಾವಿಗಳು ಒಣಗಿದವು, ಎಂಜಿನ್‌ಗಳು ಗುಜರಿ ಸೇರಿದವು. ಕಪಿಲೆ ಶತಮಾನಗಳ ಕಾಲ ನಡೆದಿತ್ತು. ಆಯಿಲ್ ಎಂಜಿನ್ನಿನ ವೈಭವ ಕೆಲವೇ ದಶಕಗಳಲ್ಲಿ ಮುಗಿಯಿತು. ಎಂಜಿನ್ ಕೆಟ್ಟು ಸೋಲಲಿಲ್ಲ, ನೀರು ಸಿಗದೆ ಸೋತಿತು.

ನಂದಗುಡಿ ಕಡೆಯ ಯಾವುದಾದರೂ ತೋಟದ ಶೆಡ್ಡಿನಲ್ಲಿ ಅಂಥದೊಂದು ಎಂಜಿನ್ ಉಳಿದಿದ್ದರೆ ಅದನ್ನು ಕಿಲೋ ಲೆಕ್ಕದಲ್ಲಿ ಮಾರಬೇಡಿ. ಟ್ಯಾಪೆಟ್ ಹೊರತೆಗೆದು ತಳಕ್ಕೆ ಉಕ್ಕಿನ ಸ್ಕೇಲು ಹಿಡಿದು ನೋಡಿ. ನಡುವೆ ಬೆಳಕು ತೂರಿದರೆ ಟ್ಯಾಪೆಟ್ಟನ್ನೂ ಕ್ಯಾಮನ್ನೂ ಜೊತೆಯಾಗಿಯೇ ಬದಲಿಸಿ, ಡೀಸೆಲ್ ಎಂಜಿನ್ನಿಗೆಂದೇ ಇರುವ ಆಯಿಲ್ ಹಾಕಿ. ಓಡಿಸುವ ಮನಸ್ಸಿಲ್ಲದಿದ್ದರೆ ಹತ್ತಿರದ ಐಟಿಐಗೆ ಕೊಡಿ. ಬಿಚ್ಚಿ ಕಲಿಯಲು ಅದಕ್ಕಿಂತ ಒಳ್ಳೆಯ ಯಂತ್ರ ಸಿಗುವುದು ಕಷ್ಟ.