ಕಾಕಂಬಿಯಿಂದ ಇ20 ತನಕ: ಪೆಟ್ರೋಲಿಗೆ ಎಥನಾಲ್ ಬೆರೆಸಿದ ಕಥೆ

ಈ ಸಲದ ಮಾತುಕತೆಯ ಬರಹರೂಪ ಇದು. ವಿಡಿಯೋದಲ್ಲಿ ಅವಸರದಲ್ಲಿ ಹೇಳಿದ ಇಸವಿ, ಲೆಕ್ಕಗಳನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ಬರೆದಿದ್ದೀನಿ.

ಮುಂಬೈ ಆಗಲಿ, ಹೈದರಾಬಾದ್ ಆಗಲಿ, ಇವತ್ತು ಬಂಕಿನಲ್ಲಿ ಸಿಗೋ ಸಾಮಾನ್ಯ ಪೆಟ್ರೋಲಿನಲ್ಲಿ ಐದನೇ ಒಂದು ಪಾಲು ಎಥನಾಲ್. ಅದಕ್ಕೇ ಇ20 ಅನ್ನೋ ಹೆಸರು. ಇದು ಗಾಡಿಗೆ ಒಳ್ಳೇದಾ ಕೆಟ್ಟದ್ದಾ ಅಂತ ಎಲ್ಲರೂ ಕೇಳ್ತಾರೆ. ಅದಕ್ಕೆ ಉತ್ತರ ಹೇಳೋ ಮುಂಚೆ ಇನ್ನೊಂದು ಪ್ರಶ್ನೆ ಕೇಳಬೇಕು. ಎಥನಾಲ್ ನಮ್ಮ ಪೆಟ್ರೋಲಿಗೆ ಬಂದದ್ದು ಯಾರಿಗೋಸ್ಕರ?

ಕಥೆ ಶುರುವಾಗೋದು ಸಕ್ಕರೆಯಿಂದ. 1932ರಲ್ಲಿ ಬ್ರಿಟಿಷ್ ಸರ್ಕಾರ ಭಾರತದ ಸಕ್ಕರೆ ಉದ್ಯಮಕ್ಕೆ ಸುಂಕದ ರಕ್ಷಣೆ ಕೊಟ್ಟಿತು. ಕೆಲವೇ ವರ್ಷಗಳಲ್ಲಿ ಕಾರ್ಖಾನೆಗಳ ಸಂಖ್ಯೆ ನೂರು ದಾಟಿತು. ಸಕ್ಕರೆ ತೆಗೆದ ಮೇಲೆ ಉಳಿಯೋದು ಕಾಕಂಬಿ. ಅಂಟಂಟು, ಕಪ್ಪು, ವಾಸನೆ. ಅಷ್ಟನ್ನೂ ಏನು ಮಾಡೋದು ಅನ್ನೋದೇ ತಲೆನೋವು. ಅದನ್ನು ಹುಳಿ ಬರಿಸಿ ಬಟ್ಟಿ ಇಳಿಸಿದರೆ ಮದ್ಯಸಾರ ಬರುತ್ತೆ. ಆದರೆ ಮಾಮೂಲಿ ಬಟ್ಟಿಯಲ್ಲಿ ಎಷ್ಟು ಕಾಯಿಸಿದರೂ ನಾಲ್ಕೈದು ಪಾಲು ನೀರು ಉಳಿದೇ ಉಳಿಯುತ್ತೆ. ಆ ನೀರನ್ನೂ ಬೇರೆ ವಿಧಾನದಿಂದ ತೆಗೆದರೆ ಮಾತ್ರ ಅದು ಪೆಟ್ರೋಲಿನ ಜೊತೆ ಸರಿಯಾಗಿ ಬೆರೆಯುತ್ತೆ. ಹಾಗೆ ತೆಗೆದದ್ದಕ್ಕೆ ಆಗಿನ ಹೆಸರು ಪವರ್ ಆಲ್ಕೋಹಾಲ್.

ಮೈಸೂರು ಸಂಸ್ಥಾನ ಈ ಕೆಲಸಕ್ಕೆ ಬೇಗನೇ ಕೈ ಹಾಕಿತು. ಕನ್ನಂಬಾಡಿ ಕಟ್ಟೆಯ ನೀರು ಮಂಡ್ಯಕ್ಕೆ ಬಂತು, ಕಬ್ಬು ಬಂತು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ, ಅಂದ್ರೆ ನಮ್ಮ ಮೈಷುಗರ್, ಹುಟ್ಟಿತು. ಅಲ್ಲಿ ಬಟ್ಟಿ ಕಾರ್ಖಾನೆಯೂ ಆಯ್ತು, ಪವರ್ ಆಲ್ಕೋಹಾಲೂ ತಯಾರಾಯ್ತು. ಕಸದಿಂದ ರಸ ಅಂತಾರಲ್ಲ, ಅಕ್ಷರಶಃ ಅದೇ. ಉತ್ತರದಲ್ಲಿ ಸಂಯುಕ್ತ ಪ್ರಾಂತ ಮತ್ತು ಬಿಹಾರ 1940ರಲ್ಲಿ ಪವರ್ ಆಲ್ಕೋಹಾಲ್ ಕಾಯ್ದೆ ಮಾಡಿದವು. ಯುದ್ಧ ಬಂದು ಪೆಟ್ರೋಲಿಗೆ ಪಡಿತರ ಆದಾಗ ಈ ಮಿಶ್ರಣದ ಬೆಲೆ ಇನ್ನೂ ಹೆಚ್ಚಿತು. ಸ್ವಾತಂತ್ರ್ಯ ಬಂದ ಮರುವರ್ಷವೇ, 1948ರಲ್ಲಿ, ಇಡೀ ದೇಶಕ್ಕೆ ಭಾರತೀಯ ಪವರ್ ಆಲ್ಕೋಹಾಲ್ ಕಾಯ್ದೆ ಬಂತು.

ಆಮೇಲೆ ಏನಾಯ್ತು? 1950ರ ದಶಕದಲ್ಲಿ ಮುಂಬೈನ ಟ್ರಾಂಬೆಯಲ್ಲಿ ತೈಲ ಶುದ್ಧೀಕರಣ ಕಾರ್ಖಾನೆಗಳು ಎದ್ದವು. ಪೆಟ್ರೋಲ್ ಸಲೀಸಾಯ್ತು. ಮದ್ಯಸಾರಕ್ಕೆ ರಾಸಾಯನಿಕ ಕಾರ್ಖಾನೆಗಳೂ ಹೆಂಡದ ವ್ಯಾಪಾರವೂ ಒಳ್ಳೆ ಗಿರಾಕಿಗಳಾದವು. ಕಾಯ್ದೆ ಪುಸ್ತಕದಲ್ಲೇ ಉಳಿದು, 2000ರಲ್ಲಿ ರದ್ದಾಯ್ತು.

ತಮಾಷೆ ನೋಡಿ. ರದ್ದಾದ ಮರುವರ್ಷವೇ, 2001ರಲ್ಲಿ, ಮಹಾರಾಷ್ಟ್ರದ ಮೀರಜ್, ಮನಮಾಡ್ ಮತ್ತು ಉತ್ತರ ಪ್ರದೇಶದಲ್ಲಿ ಎಥನಾಲ್ ಬೆರೆಸೋ ಪ್ರಯೋಗ ಮತ್ತೆ ಶುರು! 2003ರ ಜನವರಿಯಿಂದ 9 ರಾಜ್ಯಗಳಲ್ಲಿ ಶೇ 5 ಬೆರೆಸಬೇಕು ಅಂತಾಯ್ತು. ಕಬ್ಬಿನ ಬೆಳೆ ಕೈಕೊಟ್ಟಿತು, 2004ರಲ್ಲಿ ಕಡ್ಡಾಯ ಸಡಿಲವಾಯ್ತು. 2006ರಲ್ಲಿ ಮತ್ತೆ ಆದೇಶ. ಇಷ್ಟೆಲ್ಲ ಆದರೂ 2013-14ರಲ್ಲಿ ನಿಜವಾಗಿ ಬೆರೆತದ್ದು ಸುಮಾರು ಶೇ 1.5 ಮಾತ್ರ.

ನನಗೆ ಇಲ್ಲಿ ಕಾಣೋದು ಒಂದೇ ನಮೂನೆ. ಸಕ್ಕರೆ ಹೆಚ್ಚಾದಾಗ, ಇಲ್ಲ ತೈಲದ ಬಿಲ್ ಏರಿದಾಗ ಎಥನಾಲ್ ನೆನಪಾಗುತ್ತೆ. ಕಬ್ಬು ಕಡಿಮೆಯಾದಾಗ ಮರೆತುಹೋಗುತ್ತೆ. ಗಾಡಿ ಓಡಿಸೋನು ಈ ಲೆಕ್ಕದಲ್ಲಿ ಎಲ್ಲೂ ಇಲ್ಲ.

ಬ್ರೆಜಿಲ್ ಇದನ್ನು ಕಷ್ಟಪಟ್ಟು ಕಲಿತ ದೇಶ. 1973ರ ತೈಲ ಬಿಕ್ಕಟ್ಟಿನ ನಂತರ, 1975ರಲ್ಲಿ, ಅಲ್ಲಿ ಪ್ರೊಆಲ್ಕೂಲ್ ಯೋಜನೆ ಬಂತು. 1980ರ ದಶಕದ ಮಧ್ಯಕ್ಕೆ ಹೊಸ ಕಾರುಗಳಲ್ಲಿ ಹತ್ತಕ್ಕೆ ಒಂಬತ್ತು ಬರೀ ಮದ್ಯಸಾರದಲ್ಲಿ ಓಡೋವು. ದಶಕದ ಕೊನೆಗೆ ಸಕ್ಕರೆಗೆ ಒಳ್ಳೆ ಬೆಲೆ ಬಂತು, ಕಬ್ಬು ಆ ಕಡೆ ತಿರುಗಿತು, ಬಂಕಿನಲ್ಲಿ ಮದ್ಯಸಾರ ಇಲ್ಲ. ಕಾರು ಕೊಂಡವರು ಸಾಲಿನಲ್ಲಿ ನಿಂತರು. ಜನರ ನಂಬಿಕೆ ಮರಳಿದ್ದು 2003ರಲ್ಲಿ ಫ್ಲೆಕ್ಸ್ ಕಾರುಗಳು ಬಂದ ಮೇಲೆ. ಪೆಟ್ರೋಲ್ ಹಾಕಿ, ಎಥನಾಲ್ ಹಾಕಿ, ಎರಡನ್ನೂ ಕಲಸಿ ಹಾಕಿ, ಓಡುತ್ತೆ. ಅಲ್ಲಿನವರು ಬಂಕಿನ ಫಲಕ ನೋಡ್ತಾರೆ. ಎಥನಾಲ್ ಬೆಲೆ ಪೆಟ್ರೋಲಿನ ಶೇ 70ಕ್ಕಿಂತ ಕಡಿಮೆ ಇದ್ದರೆ ಅದನ್ನೇ ಹಾಕಿಸ್ತಾರೆ. ಆಯ್ಕೆ ಗಾಡಿಯವನ ಕೈಗೆ ಬಂತು.

ಈ ಶೇ 70 ಎಲ್ಲಿಂದ ಬಂತು? ಒಂದು ಲೀಟರ್ ಎಥನಾಲಿನಲ್ಲಿ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಪಾಲು ಕಡಿಮೆ. ನಮ್ಮ ಇ20 ಲೆಕ್ಕವೂ ಇದರಿಂದಲೇ. 2021ರ ನೀತಿ ಆಯೋಗದ ವರದಿ ಪ್ರಕಾರ, ಇ20ಗೆ ತಯಾರಾಗದ ಹಳೇ ಕಾರಿನಲ್ಲಿ ಮೈಲೇಜ್ ಶೇ 6ರಿಂದ 7, ಹಳೇ ದ್ವಿಚಕ್ರದಲ್ಲಿ ಶೇ 3ರಿಂದ 4 ಇಳಿಯಬಹುದು. ಅಂದ್ರೆ 15 ಕಿಲೋಮೀಟರ್ ಕೊಡ್ತಿದ್ದ ಕಾರು 14ಕ್ಕೆ ಬರುತ್ತೆ. ಹಳೇ ಗಾಡಿಯ ರಬ್ಬರ್ ಪೈಪು, ಸೀಲುಗಳು ಬೇಗ ಸವೆಯಬಹುದು. ಎಥನಾಲ್ ನೀರು ಹೀರುತ್ತೆ, ಹಾಗಾಗಿ ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಲ್ಲಿಸೋ ಗಾಡಿಗೆ ಒಳ್ಳೇದಲ್ಲ.

ಒಳ್ಳೆಯದೂ ಇದೆ, ಸಣ್ಣದೇನಲ್ಲ. ಆಕ್ಟೇನ್ ಹೆಚ್ಚು, ಅದಕ್ಕೆ ತಕ್ಕಂತೆ ಮಾಡಿದ ಎಂಜಿನ್ನಿಗೆ ಲಾಭ. ಇಂಗಾಲದ ಮಾನಾಕ್ಸೈಡ್ ಹೊಗೆ ಕಡಿಮೆ. 2014ರಿಂದೀಚೆಗೆ ಉಳಿದ ವಿದೇಶಿ ವಿನಿಮಯ 1.4 ಲಕ್ಷ ಕೋಟಿ ರೂಪಾಯಿ ದಾಟಿದೆ ಅನ್ನೋದು ಸರ್ಕಾರದ ಲೆಕ್ಕ. ಕಬ್ಬು ಬೆಳೆಗಾರನ ಬಾಕಿ ಬೇಗ ತೀರೋದಕ್ಕೂ ಇದು ನೆರವಾಗಿದೆ. ಬೆಳಗಾವಿ, ಕೊಲ್ಹಾಪುರದ ಕಡೆಯವರಿಗೆ ಇದನ್ನು ನಾನು ಹೇಳಬೇಕಾಗಿಲ್ಲ.

ಆದರೆ ಈಗಿನ ಎಥನಾಲ್ ಬರೀ ಕಸದ ರಸ ಅಲ್ಲ. ಸಕ್ಕರೆಯಿಂದ ಒಂದು ಲೀಟರ್ ತೆಗೆಯೋಕೆ ಕನಿಷ್ಠ 2,860 ಲೀಟರ್ ನೀರು ಬೇಕು ಅಂತ ಅದೇ ನೀತಿ ಆಯೋಗದ ವರದಿ ಹೇಳುತ್ತೆ. 2023ರಲ್ಲಿ ಕರ್ನಾಟಕ, ಮಹಾರಾಷ್ಟ್ರದಲ್ಲಿ ಮಳೆ ಕೈಕೊಟ್ಟಾಗ, ಡಿಸೆಂಬರಿನಲ್ಲಿ ಕಬ್ಬಿನ ಹಾಲಿನಿಂದ ಎಥನಾಲ್ ಮಾಡೋದನ್ನೇ ಸರ್ಕಾರ ತಡೆದು, ಆಮೇಲೆ ಸಡಿಲಿಸಿತು. 2004ರ ಕಥೆಯೇ ಮತ್ತೊಮ್ಮೆ. ಈ ಸಲ ವ್ಯತ್ಯಾಸ ಅಂದ್ರೆ ಮೆಕ್ಕೆಜೋಳ ಮತ್ತು ಅಕ್ಕಿ ಆ ಜಾಗಕ್ಕೆ ಬಂದವು. ಮೆಕ್ಕೆಜೋಳದ ಎಥನಾಲಿಗೆ 2024-25ರಲ್ಲಿ ಲೀಟರಿಗೆ 71.86 ರೂಪಾಯಿ. ಹಾಗಾಗಿ ಬಂಕಿನಲ್ಲಿ ಬೆಲೆ ಇಳಿಯಲಿಲ್ಲ.

ಇ20 ಪೆಟ್ರೋಲಿಗೆ ಚಾಲನೆ ಸಿಕ್ಕಿದ್ದು 2023ರ ಫೆಬ್ರವರಿಯಲ್ಲಿ, ಬೆಂಗಳೂರಿನಲ್ಲಿ. 2030ಕ್ಕೆ ಇಟ್ಟಿದ್ದ ಗುರಿ 2025ರಲ್ಲೇ ಮುಟ್ಟಿತು. ಆದರೆ ನೀತಿ ಆಯೋಗ ಇನ್ನೆರಡು ಮಾತೂ ಹೇಳಿತ್ತು: ಹಳೇ ಗಾಡಿಗಳಿಗೆ ಇ10 ಸಿಗ್ತಾ ಇರಲಿ, ಮೈಲೇಜ್ ನಷ್ಟ ತುಂಬೋಕೆ ತೆರಿಗೆ ಇಳಿಸಿ. ಅವೆರಡೂ ಹಿಂದೆ ಉಳಿದವು. ಎಥನಾಲ್ ಇಲ್ಲದ ಪೆಟ್ರೋಲಿನ ಆಯ್ಕೆ ಕೇಳಿದ ಅರ್ಜಿಯನ್ನು 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ವಜಾ ಮಾಡಿತು.

ನನ್ನ ಅಭಿಪ್ರಾಯ ಇಷ್ಟೆ. ಎಥನಾಲ್ ವಿಷವೂ ಅಲ್ಲ, ಅಮೃತವೂ ಅಲ್ಲ. 2023ರ ಏಪ್ರಿಲ್ ನಂತರದ ಗಾಡಿ ಇದ್ದರೆ ಹೆಚ್ಚು ಚಿಂತೆ ಬೇಡ. ಅದಕ್ಕಿಂತ ಹಳೇದಿದ್ದರೆ ಕೈಪಿಡಿ ನೋಡಿ, ಸರ್ವಿಸಿನಲ್ಲಿ ಇಂಧನದ ಪೈಪು ಪರೀಕ್ಷೆ ಮಾಡಿಸಿ, ಗಾಡಿಯನ್ನು ತುಂಬಾ ದಿನ ನಿಲ್ಲಿಸಬೇಡಿ. ಆದರೆ ಪ್ರಶ್ನೆ ಕೇಳೋದನ್ನು ಬಿಡಬೇಡಿ. ಲಾಭ ದೇಶಕ್ಕೆ, ರೈತನಿಗೆ, ಕಾರ್ಖಾನೆಗೆ ಹಂಚಿಕೆಯಾಗೋದಾದರೆ, ನಷ್ಟ ಮಾತ್ರ ಹತ್ತು ವರ್ಷದ ಹಳೇ ಸ್ಕೂಟರಿನಲ್ಲಿ ಕೆಲಸಕ್ಕೆ ಹೋಗೋನ ಪಾಲಿಗೆ ಯಾಕೆ?

ಮುಂದಿನ ವಾರ ಇನ್ನೊಂದು ವಿಷಯದ ಜೊತೆ ಸಿಗೋಣ.