ಮನೆ ಕೊಳ್ಳುವವನ ವಕೀಲ ಯಾರ ವಕೀಲ?

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ನಮ್ಮ ಹಿರಿಯರು. ಇಂಗ್ಲೆಂಡಿನವರಾಗಿದ್ದರೆ ‘ಮನೆ ಕೊಂಡು ನೋಡು’ ಎನ್ನುತ್ತಿದ್ದರೋ ಏನೋ. ಅಲ್ಲಿ ಬೆಲೆ ಕುದುರಿ, ಸಾಲ ಮಂಜೂರಾಗಿ, ಇನ್ನೇನು ಬೀಗದ ಕೈ ಸಿಕ್ಕಿತು ಎನ್ನುವಾಗ ಸಾಲ ಕೊಡುವ ಸಂಸ್ಥೆ ಒಂದು ಪ್ರಶ್ನೆ ಕೇಳುತ್ತದೆ: ನಿಮ್ಮ ಸಾಲಿಸಿಟರ್ ನಮ್ಮ ಪಟ್ಟಿಯಲ್ಲಿ ಇದ್ದಾರೆಯೇ?

ಇಲ್ಲವೆಂದರೆ ಎರಡು ದಾರಿ. ವಕೀಲರನ್ನು ಬದಲಿಸಬೇಕು, ಇಲ್ಲವೇ ಸಾಲ ಕೊಡುವವರು ತಮ್ಮ ಪಟ್ಟಿಯ ಇನ್ನೊಬ್ಬ ವಕೀಲರನ್ನು ನೇಮಿಸುತ್ತಾರೆ, ಅವರ ಶುಲ್ಕವನ್ನೂ ಸಾಮಾನ್ಯವಾಗಿ ಮನೆ ಕೊಳ್ಳುವವನೇ ಕೊಡಬೇಕು. ಹಣ ನನ್ನದು, ಮನೆ ನನ್ನದು, ವಕೀಲ ಮಾತ್ರ ಅವರು ಒಪ್ಪಿದವನೇ ಆಗಬೇಕೇಕೆ? ಇದಕ್ಕೆ ಉತ್ತರ ಬೇಕಿದ್ದರೆ ಇನ್ನೂರು ವರ್ಷಕ್ಕೂ ಹಿಂದಕ್ಕೆ ಹೋಗಬೇಕು.

ಹಿಡಿ ಮಣ್ಣಿನಿಂದ ಕಾಗದದ ಕಟ್ಟಿಗೆ

ನಮ್ಮ ಶಾಸನಗಳಲ್ಲಿ ರಾಜರು ಭೂಮಿಯನ್ನು ‘ಧಾರಾಪೂರ್ವಕ’ವಾಗಿ, ಅಂದರೆ ನೀರೆರೆದು ದಾನ ಕೊಟ್ಟ ಉಲ್ಲೇಖಗಳಿವೆ. ಮಧ್ಯಯುಗದ ಇಂಗ್ಲೆಂಡಿನಲ್ಲೂ ಇಂಥದೇ ಪದ್ಧತಿ. ಮಾರುವವನು ಕೊಳ್ಳುವವನನ್ನು ಜಮೀನಿಗೆ ಕರೆದೊಯ್ದು, ಸಾಕ್ಷಿಗಳ ಎದುರು ಒಂದು ಹಿಡಿ ಮಣ್ಣನ್ನೋ ಮರದ ಕಡ್ಡಿಯನ್ನೋ ಅವನ ಕೈಗಿಡುತ್ತಿದ್ದ. ಅಲ್ಲಿಗೆ ಹಸ್ತಾಂತರ ಮುಗಿಯಿತು. ಊರಿನ ನೆನಪೇ ದಾಖಲೆ.

ನೆನಪನ್ನು ನಂಬುವುದು ಕಷ್ಟವಾದಂತೆ ಕಾಗದ ಬಂತು. 1677ರ ಕಾಯ್ದೆಯೊಂದು ಭೂಮಿಯ ವ್ಯವಹಾರಗಳು ಬರವಣಿಗೆಯಲ್ಲಿರಬೇಕು ಎಂದಿತು. ಒಂದೊಂದು ಮಾರಾಟಕ್ಕೂ ಒಂದೊಂದು ಪತ್ರ ಸೇರುತ್ತಾ ಹೋಗಿ ಕಟ್ಟು ದಪ್ಪವಾಯಿತು. ಕೊಳ್ಳುವವನ ಪರವಾಗಿ ಆ ಕಟ್ಟನ್ನು ಬಿಚ್ಚಿ ಓದುವುದೇ ಒಂದು ಕಸುಬಾಯಿತು. ಅದೇ ಕನ್ವೇಯನ್ಸಿಂಗ್.

ಎಷ್ಟು ವರ್ಷದ ಪತ್ರ ನೋಡಬೇಕು? ಮೊದಲು ರೂಢಿಯಲ್ಲಿದ್ದದ್ದು 60 ವರ್ಷ. 1874ರಲ್ಲಿ ಅದು 40ಕ್ಕೆ ಇಳಿಯಿತು, 1925ರಲ್ಲಿ 30ಕ್ಕೆ, 1969ರಲ್ಲಿ 15ಕ್ಕೆ. 1862ರಲ್ಲೇ ಸರಕಾರಿ ಭೂನೋಂದಣಿ ಕಚೇರಿ ಹುಟ್ಟಿದರೂ ಅಲ್ಲಿಗೆ ಹೋಗುವುದು ಕಡ್ಡಾಯವಿರಲಿಲ್ಲ. 1899ರಲ್ಲಿ ಲಂಡನ್ನಿನಿಂದ ಆರಂಭವಾದ ಕಡ್ಡಾಯ ನೋಂದಣಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಎಲ್ಲ ಕಡೆಗೂ ವಿಸ್ತರಿಸಿದ್ದು 1990ರ ಡಿಸೆಂಬರಿನಲ್ಲಿ.

ಉದ್ದ ಬರೆದಷ್ಟೂ ದುಡ್ಡು

ಈ ಕೆಲಸ ವಕೀಲರ ಸ್ವತ್ತಾದದ್ದು 1804ರ ಮುದ್ರಾಂಕ ಕಾಯ್ದೆಯಿಂದ. ಅರ್ಹತೆಯಿಲ್ಲದವರು ಹಣ ಪಡೆದು ಆಸ್ತಿಪತ್ರ ಬರೆದರೆ ದಂಡ ಎಂದು ಅದು ಸಾರಿತು. ವಕೀಲರ ಮೇಲಿನ ತೆರಿಗೆ ಏರಿಸಿದ ಸರಕಾರ ಅದಕ್ಕೆ ಬದಲಾಗಿ ಈ ಏಕಸ್ವಾಮ್ಯವನ್ನು ದಯಪಾಲಿಸಿತು ಎಂಬುದು ಇತಿಹಾಸಕಾರರ ಮಾತು.

ಆಗ ಶುಲ್ಕವನ್ನು ಪತ್ರದ ಉದ್ದ ನೋಡಿ ಲೆಕ್ಕ ಹಾಕುತ್ತಿದ್ದರು. ಪದ ಹೆಚ್ಚಿದಷ್ಟೂ ಹಣ ಹೆಚ್ಚು. ಹಳೆಯ ಇಂಗ್ಲಿಷ್ ಪತ್ರಗಳಲ್ಲಿ ಒಂದೇ ಅರ್ಥದ ಮೂರು ಮೂರು ಶಬ್ದಗಳು ಸಾಲಾಗಿ ನಿಂತಿರುವುದಕ್ಕೆ ಇದೂ ಒಂದು ಕಾರಣ. 1881ರ ಕಾಯ್ದೆ ಈ ಲೆಕ್ಕವನ್ನು ಬದಲಿಸಿ, ಆಸ್ತಿಯ ಬೆಲೆಗೆ ತಕ್ಕಂತೆ ಶುಲ್ಕ ನಿಗದಿ ಮಾಡಲು ದಾರಿ ಮಾಡಿತು. ಆ ನಿಗದಿತ ದರವೂ 1973ರ ಆರಂಭದಲ್ಲಿ ರದ್ದಾಯಿತು.

ಆದರೂ ಬಾಗಿಲು ಒಬ್ಬರಿಗೇ ತೆರೆದಿತ್ತು. ಮೈಕೇಲ್ ಜೋಸೆಫ್ ಎಂಬ ಸಾಲಿಸಿಟರ್ 1976ರಲ್ಲಿ ತನ್ನ ವೃತ್ತಿಯನ್ನೇ ಜಾಲಾಡಿ ‘ದ ಕನ್ವೇಯನ್ಸಿಂಗ್ ಫ್ರಾಡ್’ ಎಂಬ ಪುಸ್ತಕ ಬರೆದರು. 1983ರಲ್ಲಿ ಗ್ರಿಮ್ಸ್‌ಬಿಯ ಲೇಬರ್ ಸಂಸದ ಆಸ್ಟಿನ್ ಮಿಚೆಲ್ ಮನೆ ಕೊಳ್ಳುವವರ ಪರವಾಗಿ ಖಾಸಗಿ ಮಸೂದೆ ಮಂಡಿಸಿದರು. ಥ್ಯಾಚರ್ ಸರಕಾರ ತಾನೇ ಕಾಯ್ದೆ ತರುವುದಾಗಿ ಮಾತು ಕೊಟ್ಟು 1985ರಲ್ಲಿ ತಂದಿತು. ಸಾಲಿಸಿಟರ್ ಅಲ್ಲದ, ಈ ಒಂದು ಕೆಲಸಕ್ಕೆಂದೇ ಪರವಾನಗಿ ಪಡೆದ ಕನ್ವೇಯನ್ಸರ್‌ಗಳು 1987ರಿಂದ ಕಾಣಿಸಿಕೊಂಡರು. 180 ವರ್ಷಗಳ ಏಕಸ್ವಾಮ್ಯ ಹೀಗೆ ಮುರಿಯಿತು.

ಪಾನಗೃಹದಲ್ಲಿ ಹುಟ್ಟಿದ ಗೃಹಸಾಲ

ಇನ್ನು ಸಾಲ ಕೊಡುವವರ ಕಥೆ. ಗೊತ್ತಿರುವ ಮಟ್ಟಿಗೆ ಮೊದಲ ಕಟ್ಟಡ ಸಂಘ, ಅಂದರೆ ಬಿಲ್ಡಿಂಗ್ ಸೊಸೈಟಿ, ಹುಟ್ಟಿದ್ದು 1775ರಲ್ಲಿ, ಬರ್ಮಿಂಗ್‌ಹ್ಯಾಮ್‌ನ ಗೋಲ್ಡನ್ ಕ್ರಾಸ್ ಎಂಬ ಪಾನಗೃಹದಲ್ಲಿ. ಅದರ ಮಾಲೀಕ ರಿಚರ್ಡ್ ಕೆಟ್ಲಿ. ಇಂಥ ಸಂಘಗಳು ನಮ್ಮ ಚೀಟಿ ವ್ಯವಹಾರವನ್ನೇ ನೆನಪಿಸುತ್ತವೆ. ಸದಸ್ಯರು ತಿಂಗಳು ತಿಂಗಳು ಹಣ ಹಾಕುವುದು, ಕೂಡಿದ ಹಣದಲ್ಲಿ ಸರದಿಯಂತೆ ಒಬ್ಬೊಬ್ಬರಿಗೆ ಮನೆ. ಎಲ್ಲರಿಗೂ ಮನೆಯಾದ ಮೇಲೆ ಸಂಘ ಬರಖಾಸ್ತು.

ಅಲ್ಲಿ ಸಾಲ ಕೊಟ್ಟವನೂ ಪಡೆದವನೂ ಒಂದೇ ಮೇಜಿನ ಸುತ್ತ ಕೂರುತ್ತಿದ್ದವರು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಶಾಶ್ವತ ಸಂಘಗಳು ಬೆಳೆದಾಗ ಅಪರಿಚಿತರ ಠೇವಣಿಯನ್ನು ಅಪರಿಚಿತರಿಗೆ ಸಾಲ ಕೊಡುವಂತಾಯಿತು. ಆಗ ಮನೆಯ ಹಕ್ಕು ಶುದ್ಧವಾಗಿದೆಯೇ ಎಂಬ ಚಿಂತೆ ಕೊಳ್ಳುವವನಷ್ಟೇ ಸಾಲ ಕೊಡುವವನಿಗೂ ಬಂತು. ಸಾಲಗಾರ ಕಂತು ಕಟ್ಟದಿದ್ದರೆ ಉಳಿಯುವುದು ಆ ಮನೆಯೊಂದೇ ತಾನೆ?

ಒಂದೇ ಕಟ್ಟನ್ನು ಇಬ್ಬರು ವಕೀಲರು ಓದಿ ಎರಡು ಶುಲ್ಕ ಪಡೆಯುವುದಕ್ಕಿಂತ ಒಬ್ಬರೇ ಇಬ್ಬರಿಗೂ ಕೆಲಸ ಮಾಡಿದರೆ ಅಗ್ಗ. ಈ ಏರ್ಪಾಟು ರೂಢಿಯಾಯಿತು. ಆದರೆ ನಂಬಿಕಸ್ಥರು ಯಾರು ಎಂಬುದನ್ನು ಸಾಲ ಕೊಡುವವರೇ ತೀರ್ಮಾನಿಸತೊಡಗಿದರು. ಪಟ್ಟಿಯ ಮೂಲ ಇದು.

ಇಬ್ಬರು ಯಜಮಾನರು

1980ರ ದಶಕದಲ್ಲಿ ಮನೆಗಳ ಬೆಲೆ ಗಗನಕ್ಕೇರಿ, ದಶಕದ ಕೊನೆಗೆ ಕುಸಿಯಿತು. ಜಪ್ತಿ ಮಾಡಿದ ಮನೆಗಳು ಸಾಲದ ಮೊತ್ತಕ್ಕೂ ಬಾಳಲಿಲ್ಲ. ನಷ್ಟ ತುಂಬಿಕೊಡಿ ಎಂದು ಸಾಲ ಕೊಟ್ಟವರು ವಕೀಲರ ಬೆನ್ನು ಹತ್ತಿದರು.

1990ರ ದಶಕದ ಒಂದು ಪ್ರಕರಣ ಇಲ್ಲಿ ಮುಖ್ಯ. ಲಂಡನ್ನಿನ ಒಂದು ಫ್ಲ್ಯಾಟನ್ನು 2,20,000 ಪೌಂಡಿಗೆ ಕೊಳ್ಳುವವನಿಗೂ ಅವನಿಗೆ ಸಾಲ ಕೊಡುವ ಸಂಸ್ಥೆಗೂ ಒಂದೇ ವಕೀಲ ಸಂಸ್ಥೆ ಕೆಲಸ ಮಾಡುತ್ತಿತ್ತು. ಮಾರುವವನು ಅದೇ ಫ್ಲ್ಯಾಟನ್ನು ಇನ್ನೊಬ್ಬರಿಂದ ಕೇವಲ 1,50,000 ಪೌಂಡಿಗೆ ಪಡೆಯುತ್ತಿದ್ದಾನೆ ಎಂಬುದು ಪತ್ರ ನೋಡುವಾಗ ತಿಳಿಯಿತು. ಆ ಸಂಗತಿಯನ್ನು ವಕೀಲರು ಕೊಳ್ಳುವವನಿಗೆ ಹೇಳಿದರು, ಸಾಲ ಕೊಡುವವರಿಗೆ ಹೇಳಲಿಲ್ಲ. ಹೇಳಬೇಕಿತ್ತು ಎಂದು ಮೇಲ್ಮನವಿ ನ್ಯಾಯಾಲಯ ತೀರ್ಪಿತ್ತಿತು. ಹಕ್ಕುಪತ್ರ ಪರೀಕ್ಷಿಸುವುದಷ್ಟೇ ಸಾಲದು. ಮೌಲ್ಯದ ಬಗ್ಗೆ ಅನುಮಾನ ಹುಟ್ಟಿಸುವ ವಿಷಯ ಸಿಕ್ಕರೆ ಇಬ್ಬರು ಕಕ್ಷಿದಾರರಿಗೂ ಹೊಣೆ ಎಂಬುದು ಅದರ ಸಾರ.

1999ರಲ್ಲಿ ಸಾಲ ಸಂಸ್ಥೆಗಳು ಸೇರಿ ವಕೀಲರಿಗೆ ಒಂದು ಕೈಪಿಡಿ ರೂಪಿಸಿದವು. ಮೊದಲ ಭಾಗ ಎಲ್ಲ ಸಂಸ್ಥೆಗಳಿಗೂ ಸಮಾನ, ಎರಡನೆಯದು ಆಯಾ ಸಂಸ್ಥೆಯ ಸ್ವಂತ ಷರತ್ತು. 2008ರ ಆರ್ಥಿಕ ಕುಸಿತದ ನಂತರ ಪಟ್ಟಿಗಳ ಮೇಲೆ ಕತ್ತರಿ ಆಡಿತು. 2012ರ ಆರಂಭದಲ್ಲಿ ಒಂದು ದೊಡ್ಡ ಬ್ಯಾಂಕು ತನ್ನ ಪಟ್ಟಿಯನ್ನು ಕೇವಲ 43 ಸಂಸ್ಥೆಗಳಿಗೆ ಇಳಿಸಿದಾಗ ಊರೂರಿನ ಸಣ್ಣ ವಕೀಲರು ಸಿಡಿದೆದ್ದರು. ಕೊನೆಗೆ ಬ್ಯಾಂಕೇ ಪಟ್ಟಿ ಹಿಗ್ಗಿಸಲು ಒಪ್ಪಬೇಕಾಯಿತು.

ಮನೆ ಕೊಳ್ಳುವವನು ಇದರಿಂದ ತಿಳಿಯಬೇಕಾದದ್ದೇನು? ಪಟ್ಟಿ ಇರುವುದು ಸಾಲ ಕೊಡುವವರ ರಕ್ಷಣೆಗೆ. ಅದು ವಕೀಲರ ಜಾಣ್ಮೆಗೆ ಕೊಟ್ಟ ಅಂಕಪಟ್ಟಿಯಲ್ಲ. ಮಾರುವವನು ಗುಟ್ಟಾಗಿ ಬೆಲೆಯಲ್ಲಿ ಒಂದಷ್ಟು ಬಿಟ್ಟುಕೊಡುತ್ತಿದ್ದಾನೆ ಎಂದು ಕಕ್ಷಿದಾರ ಹೇಳಿದನೆನ್ನಿ. ಸಾಲ ಕೊಡುವವರಿಗೆ ತಿಳಿಸಲು ಅವನು ಒಪ್ಪಬೇಕು; ಒಪ್ಪದಿದ್ದರೆ ವಕೀಲರು ಆ ಸಂಸ್ಥೆಯ ಕೆಲಸದಿಂದ ಹಿಂದೆ ಸರಿಯಬೇಕು. ಅಲ್ಲಿಗೆ ಸಾಲವೂ ತೂಗುಯ್ಯಾಲೆ. ಮನೆಯ ದಲ್ಲಾಳಿ ‘ಇವರನ್ನೇ ಹಿಡಿಯಿರಿ’ ಎಂದು ಸೂಚಿಸುವ ಹೆಸರಿನ ಹಿಂದೆ ದಲ್ಲಾಳಿಗೆ ಸಂದ ಹಣವೂ ಇರಬಹುದು. ಆದ್ದರಿಂದ ಮುಂಗಡ ಕೊಡುವ ಮೊದಲೇ ಕೇಳಿಕೊಳ್ಳಬೇಕು: ನನ್ನ ಸಾಲ ಸಂಸ್ಥೆಯ ಪಟ್ಟಿಯಲ್ಲಿ ನೀವು ಇದ್ದೀರಾ? ಒಟ್ಟು ಶುಲ್ಕ ಎಷ್ಟು? ಕಡತ ನೋಡುವವರು ಯಾರು? ನನ್ನನ್ನು ಕಳಿಸಿದವರಿಗೆ ಏನಾದರೂ ಕೊಡುತ್ತೀರಾ?

ನಮ್ಮೂರಿನ ಮಾತು

ಇದು ದೂರದೇಶದ ಕಥೆ ಎಂದು ತಳ್ಳುವಂತಿಲ್ಲ. ಮೂಲಪತ್ರಗಳನ್ನು ಇಟ್ಟು ಸಾಲ ಪಡೆಯುವ ಪದ್ಧತಿಯನ್ನು ಇಂಗ್ಲೆಂಡಿನ ನ್ಯಾಯಾಲಯ ಎತ್ತಿಹಿಡಿದದ್ದು 1783ರಲ್ಲಿ. ಅದು 1882ರ ಆಸ್ತಿ ವರ್ಗಾವಣೆ ಕಾಯ್ದೆಯ ಮೂಲಕ ನಮ್ಮಲ್ಲಿಗೂ ಬಂತು. ಇಂದಿಗೂ ಬೆಂಗಳೂರಿನಲ್ಲಿ ಗೃಹಸಾಲ ಪಡೆಯುವವರು ಕ್ರಯಪತ್ರವನ್ನು ಬ್ಯಾಂಕಿಗೆ ಒಪ್ಪಿಸುವುದು ಈ ಪದ್ಧತಿಯಂತೆಯೇ. ಒಂದು ವ್ಯತ್ಯಾಸವುಂಟು. ಇಂಗ್ಲೆಂಡಿನ ನೋಂದಣಿ ಹಕ್ಕಿಗೇ ಸರಕಾರದ ಖಾತರಿ ಕೊಡುತ್ತದೆ. ನಮ್ಮ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾಗುವುದು ಪತ್ರ ಮಾತ್ರ. ಮಾರಿದವನಿಗೆ ಹಕ್ಕಿತ್ತೇ ಎಂಬುದಕ್ಕೆ ಅದು ಖಾತರಿಯಲ್ಲ. ಅದನ್ನು ಪತ್ತೆಹಚ್ಚುವುದು ಮೂಲಪತ್ರ, ಖಾತೆ, ಋಣಭಾರ ಪತ್ರಗಳನ್ನು ಓದುವ ಕಣ್ಣು.

ಬ್ಯಾಂಕಿನ ಪ್ಯಾನೆಲ್ ವಕೀಲರು ಓದುತ್ತಾರೆ, ನಿಜ. ಅವರು ಅಭಿಪ್ರಾಯ ಬರೆದುಕೊಡುವುದು ಬ್ಯಾಂಕಿಗೆ. ಹೈದರಾಬಾದಿನ ಗೃಹಸಾಲ ವಂಚನೆಯೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2012ರಲ್ಲಿ ಹೀಗೆಂದಿತು: ಅಭಿಪ್ರಾಯ ತಪ್ಪಾಯಿತೆಂಬ ಕಾರಣಕ್ಕೇ ಪ್ಯಾನೆಲ್ ವಕೀಲರನ್ನು ಕ್ರಿಮಿನಲ್ ಪ್ರಕರಣಕ್ಕೆ ಎಳೆಯುವಂತಿಲ್ಲ, ವಂಚನೆಯಲ್ಲಿ ಅವರ ಕೈವಾಡಕ್ಕೆ ಪುರಾವೆ ಬೇಕು. ವಕೀಲರ ದೃಷ್ಟಿಯಿಂದ ಇದು ನ್ಯಾಯವೇ. ಆದರೆ ‘ಬ್ಯಾಂಕೇ ಸಾಲ ಕೊಟ್ಟಿದೆ, ಇನ್ನೇನು ಭಯ’ ಎಂದು ನೆಮ್ಮದಿಯಿಂದ ಮಲಗುವವರು ಒಮ್ಮೆ ಯೋಚಿಸಬೇಕಾದ ಮಾತೂ ಹೌದು.

ಹಿಡಿ ಮಣ್ಣು ಪಡೆದವನ ಪರವಾಗಿ ಇಡೀ ಊರು ಸಾಕ್ಷಿಗೆ ನಿಲ್ಲುತ್ತಿತ್ತು. ಕಾಗದ ಪಡೆಯುವವನು ತನ್ನ ಸಾಕ್ಷಿಯನ್ನು ತಾನೇ ಹುಡುಕಿಕೊಳ್ಳಬೇಕು.